ಬಾಂದು ಕಲ್ಲಿನ ಒಲೆ

ಹೊಳಲ್ಕೆರೆ ಆಸ್ಪತ್ರೆಯ ಹಿಂದೆ ನಮ್ಮ ಕ್ವಾರ್ಟರ್ಸಿನ ಸಾಲಿದೆ. ಮೊನ್ನೆ ಸಂಜೆ ಕಾಂಪೌಂಡಿನಾಚೆ ಯಾರೋ ಸ್ನಾನದ ನೀರು ಕಾಯಿಸಲು ಅರೆಹಸಿ ತೆಂಗಿನ ಮಟ್ಟೆಯನ್ನು ಒಲೆಗೆ ತುರುಕಿದ್ದರು. ಹೊಗೆ ನೇರ ನಮ್ಮ ಅಡುಗೆಮನೆಗೆ ನುಗ್ಗಿತು. ನನ್ನ ಗಂಡ ಕೆಮ್ಮುತ್ತಾ ಕಿಟಕಿ ಹಾಕಲು ಎದ್ದರು. ನಾನು ಬೇಡವೆಂದೆ. "ಊರಿನವರಿಗೆಲ್ಲ ಹೊಗೆ ಕುಡೀಬೇಡ್ರಿ ಅಂತೀಯ, ನೀನು ಮಾತ್ರ ಕುಂತು ಕುಡೀತೀಯಲ್ಲ," ಎಂದರು. ಊರಿನವರಿಗೆ ಹಾಗೆ ಹೇಳುವುದು ನರ್ಸಮ್ಮನಾದ ನನ್ನ ಕೆಲಸ. ಆ ಹೊಗೆಯ ವಾಸನೆ ಬಂದರೆ ನನಗೆ ಗೌರತ್ತೆ ಬಂದು ಪಕ್ಕದಲ್ಲಿ ಕೂತ ಹಾಗಾಗುತ್ತದೆ. ಕಣ್ಣುರಿಯುತ್ತಿದ್ದರೂ ಅಲ್ಲೇ ಕೂತೆ.

ಗೌರತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಭರಮಸಾಗರದ ಕಡೆಯ ಊರೊಂದಕ್ಕೆ ಮದುವೆ ಮಾಡಿ ಕೊಟ್ಟಿದ್ದರಂತೆ. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡ. ಕೈಯಲ್ಲೊಂದು ಟ್ರಂಕು ಹಿಡಿದು ತವರಿಗೆ ಬಂದಳು. ಅವಳ ಹಿಂದೆ ಹುಟ್ಟಿದ ತಮ್ಮಂದಿರಿಬ್ಬರು: ನನ್ನ ದೊಡ್ಡಪ್ಪ ರುದ್ರಪ್ಪ, ಆಮೇಲೆ ನನ್ನ ಅಪ್ಪ ಬಸಪ್ಪ. ನನಗೆ ಬುದ್ಧಿ ಬರುವ ಹೊತ್ತಿಗೆ ಆ ಟ್ರಂಕು ಪಡಸಾಲೆಯ ಮೂಲೆಯಲ್ಲಿ ತುಕ್ಕು ಹಿಡಿದಿತ್ತು, ಅತ್ತೆ ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ಮನೆಯಲ್ಲಿ ಸಗಣಿ ಬಾಚುವುದು, ರಾಗಿ ಕೇರುವುದು, ಬಾಣಂತಿಯರಿಗೆ ನೀರು ಹಾಕುವುದು ಎಲ್ಲ ಅವಳದೇ. ಒಲೆ ಮಾತ್ರ ದೊಡ್ಡಮ್ಮನದು. ದೊಡ್ಡಮ್ಮ ನೀಲಮ್ಮ ಮನೆಗೆ ಹಿರಿಯ ಸೊಸೆ. ಏನು ಬೇಯಬೇಕು, ಯಾರ ತಟ್ಟೆಗೆ ಎಷ್ಟು ಬೀಳಬೇಕು ಎಂಬುದು ಆಕೆಯ ಸೌಟು ಹೇಳಿದಂತೆ. ಅತ್ತೆ ಒಲೆಯ ಮುಂದೆ ಕೂತು ಸೌದೆ ಮುಂದೂಡುತ್ತಾ, "ಉಪ್ಪು ಒಂಚೂರು ಜಾಸ್ತಿ ಆಗೈತೇನೋ ನೀಲಮ್ಮ," ಎನ್ನುತ್ತಿದ್ದಳು. ಆ ಒಂದು ಮಾತಿಗೆ ಎರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿರುತ್ತಿತ್ತು.

ಇದೇ ಅತ್ತೆ ಬೇಸಿಗೆಯಲ್ಲಿ ಬೇರೆಯೇ ಹೆಂಗಸಾಗುತ್ತಿದ್ದಳು. ಅದಕ್ಕೆ ಕಾರಣ ನಮ್ಮ ಬೇಸಿಗೆ ಗುಡ್ಲುಗಳು.

ನಮ್ಮೂರು ಹೊಸದುರ್ಗ ತಾಲ್ಲೂಕಿನದು. ಬಾಗೂರಿನ ದಾರಿಯಲ್ಲಿ, ಕೈ ಅಡ್ಡ ಹಿಡಿದರೆ ಮಾತ್ರ ಬಸ್ಸು ನಿಲ್ಲುವಂಥ ಊರು. ಎಲೆಅಡಿಕೆ ಹಾಕಿಕೊಂಡು ಮನೆಯಿಂದ ಹೊರಟರೆ ಅದು ಬಾಯಲ್ಲಿ ಕರಗುವಷ್ಟರಲ್ಲಿ ನಮ್ಮ ತೆಂಗಿನ ತೋಟ ಸಿಗುತ್ತದೆ. ಪ್ರತಿ ವರ್ಷ ಯುಗಾದಿಯ ಮಾರನೇ ದಿನ, ಚಂದ್ರನನ್ನು ನೋಡುವ ದಿನ, ನಮ್ಮ ಮನೆಯವರೆಲ್ಲ ಊರ ಮನೆಗೆ ಬೀಗ ಹಾಕಿ ತೋಟಕ್ಕೆ ಹೋಗಿ ಮೂರು ಗುಡ್ಲು ಹಾಕಿಕೊಳ್ಳುತ್ತಿದ್ದೆವು. ಕವೆಗಂಬ ನೆಟ್ಟು, ಮೇಲೆ ನಡುತೊಲೆ ಏರಿಸಿ, ಹೆಣೆದ ತೆಂಗಿನ ಗರಿ ಹೊದಿಸಿ, ಸುತ್ತ ತಡಿಕೆ ಕಟ್ಟಿದರೆ ಮನೆ ಮುಗಿಯಿತು. ಮುಂಗಾರಿನ ಮೊದಲ ದಪ್ಪ ಮಳೆ ಬರುವ ತನಕ ಅಲ್ಲೇ ವಾಸ. ಕಾಯಿ ಕೆಡವುವ ಕೆಲಸವೂ ಆಗುತ್ತಿತ್ತು, ತಂಪೂ ಇರುತ್ತಿತ್ತು. ನಂತರ ಗುಡ್ಲು ಬಿಚ್ಚಿ, ಕಂಬ ತೊಲೆಗಳನ್ನು ಊರ ಮನೆಯ ಅಟ್ಟಕ್ಕೆ ಏರಿಸುತ್ತಿದ್ದೆವು. ಊರಿನವರು ನಮ್ಮನ್ನು "ಗುಡ್ಲೋರ ಮನೆಯೋರು" ಎಂದೇ ಕರೆಯುತ್ತಿದ್ದರು. ಮೂರಂಕಣದ ಮಾಳಿಗೆ ಮನೆ ಇಟ್ಟುಕೊಂಡು ಈ ಹೆಸರು ಬಂತಲ್ಲ ಎಂದು ದೊಡ್ಡಪ್ಪನಿಗೆ ಹೊಟ್ಟೆಯುರಿ.

ಈ ಪದ್ಧತಿ ಶುರುವಾದದ್ದು ಪ್ಲೇಗಿನ ಕಾಲದಲ್ಲಿ. ನಮ್ಮ ಮುತ್ತಜ್ಜಿ ಸಿದ್ದವ್ವನ ಕಾಲ ಅದು. ಊರಲ್ಲಿ ಇಲಿ ಬಿದ್ದವು, ಜನ ಮನೆ ಬಿಟ್ಟು ಹೊಲ ತೋಟ ಸೇರಿದರು. ಸಿದ್ದವ್ವ ಹಸಿದ ಮಕ್ಕಳನ್ನು ಕಟ್ಟಿಕೊಂಡು ತೋಟಕ್ಕೆ ಬಂದವಳೇ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳಂತೆ. ಗಂಡಸರು, "ಮೊದ್ಲು ನೆಳ್ಳು ಮಾಡಾಣ, ಆಮೇಲೆ ಒಲೆ ಹೂಡು," ಎಂದರೆ, "ನೆಳ್ಳು ಹೊಟ್ಟೆಗೆ ಹಾಕ್ಕಳಾಕೆ ಬರುತ್ತಾ?" ಎಂದಳಂತೆ. ಸಂಜೆ ಗಾಳಿ ಎದ್ದು ಕಿಡಿ ಹಾರತೊಡಗಿದಾಗ ಗಂಡಸರು ಬೇರೆ ದಾರಿಯಿಲ್ಲದೆ ಆ ಒಲೆಯ ಸುತ್ತಲೇ ಗುಡ್ಲು ಎಬ್ಬಿಸಿದರು. ಆ ಗುಡ್ಲಿನಲ್ಲಿದ್ದವರು ಒಬ್ಬರೂ ಸಾಯಲಿಲ್ಲ. ಆಮೇಲೆ ಪ್ಲೇಗು ಹೋಯಿತು, ಗುಡ್ಲು ಉಳಿಯಿತು, ಜೊತೆಗೆ ಸಿದ್ದವ್ವನ ಕಟ್ಟಳೆಯೂ ಉಳಿಯಿತು. ಮೊದಲು ಒಲೆ, ಆಮೇಲೆ ಸೂರು. ಹೆಂಗಸು ಒಲೆ ಹಚ್ಚಿದ ದಿನ ಹೊತ್ತು ಮುಳುಗುವುದರೊಳಗೆ ಮನೆಯ ಗಂಡಸರು ಅದರ ಮೇಲೆ ಸೂರು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಅವಳೇ ನೀರು ಹಾಕಿ ಆರಿಸಬೇಕು, ಆ ಜಾಗದಲ್ಲಿ ಮತ್ತೆಂದೂ ಒಲೆ ಹೂಡುವಂತಿಲ್ಲ. ಮಳೆಗಾಲಕ್ಕೆ ಹಿಂದಿರುಗುವಾಗಲೂ ಹಾಗೆಯೇ: ಹಚ್ಚಿದವಳೇ ಕೈಯಾರೆ ಹಾಲು ಹುಯ್ದು ಒಲೆ ಶಾಂತ ಮಾಡಬೇಕು. ಅದಾಗುವ ತನಕ ಯಾರೂ ಸೂರಿನ ಒಂದು ಗರಿಯನ್ನೂ ಮುಟ್ಟುವಂತಿಲ್ಲ.

ಮೂರು ಗುಡ್ಲುಗಳಲ್ಲಿ ಒಂದು ದೊಡ್ಡಪ್ಪನದು, ಒಂದು ನಮ್ಮದು. ನಡುವಿನದು ಅಜ್ಜಿಯದು. ಅಜ್ಜಿ ಹೋದ ಮೇಲೆ ಆ ಒಲೆ ಗೌರತ್ತೆಗೆ ಬಂತು. ವರ್ಷದಲ್ಲಿ ಎರಡು ತಿಂಗಳು ಅವಳಿಗೆ ಅವಳದೇ ಒಲೆ. ನುಗ್ಗೆಸೊಪ್ಪಿನ ಸಾರು, ಮಾವಿನಕಾಯಿ ಗೊಜ್ಜು, ಹುಚ್ಚೆಳ್ಳು ಪುಡಿ, ಬಿಸಿ ಮುದ್ದೆ. ಅವಳ ಉಪ್ಪು ಅವಳಿಷ್ಟ. ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ, "ಬರ್ರಿ, ಕುಂತ್ಕಳ್ರಿ, ನಮ್ಮನೇಲಿ ಒಂದು ತುತ್ತು ಉಂಡು ಹೋಗ್ರಿ," ಎನ್ನುತ್ತಿದ್ದಳು. ಊರ ಮನೆಯಲ್ಲಿ ಅವಳ ಬಾಯಲ್ಲಿ "ನಮ್ಮನೆ" ಎಂಬ ಮಾತು ನಾನು ಕೇಳಿದ್ದೇ ಇಲ್ಲ. ಅಲ್ಲಿ ಎಲ್ಲವೂ "ರುದ್ರನ ಮನೆ", "ತಮ್ಮನ ಮನೆ". ಇದು ನನಗೆ ಗೊತ್ತಾದದ್ದು ತಡವಾಗಿ, ತೊಂಬತ್ತೆಂಟರ ಬೇಸಿಗೆಯಲ್ಲಿ.

ಆಗ ನಾನು ಜಿಲ್ಲಾ ಕೇಂದ್ರವಾದ ದುರ್ಗದಲ್ಲಿ ನರ್ಸಿಂಗ್ ಓದುತ್ತಿದ್ದೆ. ಆ ವರ್ಷದ ಸಂಕ್ರಾಂತಿಗೆ ಮನೆಗೆ ಬಂದಾಗ ಪಾಲಿನ ಪಂಚಾಯ್ತಿ ನಡೆಯುತ್ತಿತ್ತು. ಬೋರ್‌ವೆಲ್ ತೋಟದ ಯಾವ ಮೂಲೆಯಲ್ಲಿ ಕೊರೆಸಬೇಕೆಂದು ಶುರುವಾದ ಮಾತು ಅಣ್ಣತಮ್ಮಂದಿರ ನಡುವೆ ಮಾತೇ ನಿಲ್ಲುವವರೆಗೆ ಹೋಗಿತ್ತು. ಊರ ಹಿರಿಯರು ಪಡಸಾಲೆಯಲ್ಲಿ ಕೂತು ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿದರು. ತೋಟದ ಪಡುವಣ ಭಾಗ ದೊಡ್ಡಪ್ಪನಿಗೆ, ಮೂಡಣ ಭಾಗ ಅಪ್ಪನಿಗೆ. ಎತ್ತು, ಗಾಡಿ, ಹಂಡೆ, ಕೊಪ್ಪರಿಗೆ ಎಲ್ಲ ಆದ ಮೇಲೆ ಹಿರಿಯರೊಬ್ಬರು ನೆನಪು ಮಾಡಿಕೊಂಡು ಕೇಳಿದರು: "ಮತ್ತೆ ಗೌರಮ್ಮಂದು?"

ಅತ್ತೆ ಅವರಿಗೆಲ್ಲ ಟೀ ಕೊಡುತ್ತಿದ್ದಳು. ಅವಳೆದುರೇ ತೀರ್ಮಾನವಾಯಿತು. ಯುಗಾದಿಯವರೆಗೆ ಬಸಪ್ಪನ ಮನೆ, ಆಮೇಲೆ ದೀಪಾವಳಿಯವರೆಗೆ ರುದ್ರಪ್ಪನ ಮನೆ, ಹೀಗೇ ತಿರುಗುತ್ತಾ ಇರುವುದು. ಎಲ್ಲರೂ ನ್ಯಾಯವಾಗಿದೆ ಎಂದರು. ಅತ್ತೆ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನಗೂ ಆ ಹೊತ್ತಿಗೆ ನ್ಯಾಯವೆಂದೇ ಅನ್ನಿಸಿತು.

ತೋಟಕ್ಕೆ ಗಡಿ ಗುರುತಿನ ಬಾಂದು ಕಲ್ಲು ನೆಟ್ಟದ್ದು ಅದೇ ವಾರ. ಹಗ್ಗ ಹಿಡಿದು, ಅಳೆದು, ನಡು ಎಲ್ಲಿಗೆ ಬಂತೋ ಅಲ್ಲಿ ಚೌಕದ ಕಲ್ಲೊಂದನ್ನು ನೆಲದಿಂದ ಗೇಣುದ್ದ ಮೇಲೆ ಕಾಣುವಂತೆ ಹೂತರು. ಚಳಿಗಾಲದಲ್ಲಿ ಗುಡ್ಲು ಇರುವುದಿಲ್ಲವಲ್ಲ, ಬರೀ ನೆಲ. ಅಲ್ಲೇ ನಡುಗುಡ್ಲು ಏಳುತ್ತದೆಂಬುದು ಅಳೆದವರಿಗೂ ಹೊಳೆಯಲಿಲ್ಲ, ಅಳೆಸಿದವರಿಗೂ ಹೊಳೆಯಲಿಲ್ಲ. ಕಲ್ಲು ನೆಟ್ಟದ್ದು ಸರಿಯಾಗಿ ಗೌರತ್ತೆಯ ಒಲೆಯ ಜಾಗದಲ್ಲಿ. ಅವಳಿಗೆ ಹೊಳೆದಿತ್ತು. ಅವಳು ಬಾಯಿ ಬಿಡಲಿಲ್ಲ.

ಆ ವರ್ಷ ಗುಡ್ಲು ಬೇಡವೆಂದು ದೊಡ್ಡಪ್ಪ ತನ್ನ ಮನೆಯಲ್ಲಿ ಹೇಳಿದ. "ಫ್ಯಾನು ತಿರುಗ್ತಾ ಐತೆ, ಟಿವಿ ಐತೆ. ಇನ್ನೂ ಪ್ಲೇಗಿನ ಕಾಲ್ದಾಗೆ ಇದೀವಾ?" ಅಪ್ಪನೂ ತನ್ನ ಮನೆಯಲ್ಲಿ ಅದನ್ನೇ ಹೇಳಿದ. ಪಾಲಾದ ಮೇಲೆ ಅಣ್ಣತಮ್ಮಂದಿರು ಒಪ್ಪಿದ ಮಾತು ಅದೊಂದೇ, ಅದನ್ನೂ ಗೋಡೆಯ ಆಚೆ ಈಚೆ ಕೂತು ಒಪ್ಪಿದ್ದರು. ಅತ್ತೆ ಮಾತ್ರ ಶಿವರಾತ್ರಿ ಕಳೆದಂದಿನಿಂದ ನಮ್ಮ ಹಿತ್ತಲಲ್ಲಿ ಕೂತು ತೆಂಗಿನ ಗರಿ ಹೆಣೆಯುತ್ತಿದ್ದಳಂತೆ. ಯಾಕೆಂದು ಅವ್ವ ಕೇಳಿದರೆ, "ಕೊಟ್ಟಿಗೆ ಸೋರುತ್ತಲ್ಲ," ಎಂದಿದ್ದಳು.

ಯುಗಾದಿಗೆ ನಾನು ಮನೆಗೆ ಬಂದಿದ್ದೆ. ಹಬ್ಬದ ದಿನ ಬೇವು ಬೆಲ್ಲ, ಹೋಳಿಗೆ ಎಲ್ಲ ಎರಡು ಮನೆಯಲ್ಲಿ ಬೇರೆ ಬೇರೆಯಾಗಿಯೇ ನಡೆಯಿತು. ಮಾರನೇ ದಿನ ಬೆಳಿಗ್ಗೆ ಅತ್ತೆ ತನ್ನ ಸೀರೆಗಂಟು ಕಂಕುಳಲ್ಲಿ ಇಟ್ಟುಕೊಂಡು, "ಬತ್ತೀನಿ ಕಣವ್ವ," ಎಂದು ಅವ್ವನಿಗೆ ಹೇಳಿ ಹೊರಟಳು. ದೊಡ್ಡಪ್ಪನ ಮನೆಯ ಪಾಳಿ ಶುರುವಾಯಿತಲ್ಲ, ಗೋಡೆಯಾಚೆ ಹೋದಳೆಂದು ನಾವು ತಿಳಿದೆವು. ಆಚೆಯವರು ಹಬ್ಬದ ನೆವಕ್ಕೆ ಇನ್ನೊಂದು ದಿನ ಈಚೆಯೇ ಉಳಿದಳೆಂದು ತಿಳಿದರು. ಮಧ್ಯಾಹ್ನ ಊಟದ ಹೊತ್ತಾದರೂ ಅವಳಿಲ್ಲವೆಂಬುದು ಯಾರಿಗೂ ತಿಳಿಯಲಿಲ್ಲ. ಎರಡು ಮನೆಯಿದ್ದವರ ಪಾಡು ಇಷ್ಟೇ. ಕೊನೆಗೆ ಅವ್ವ ಹಿಟ್ಟು ಕೂಡಿಸಲು ಅಜ್ಜಿಯ ಕಾಲದ ಮಡಕೆ ಹುಡುಕಿದಳು. ಮಡಕೆ ಇರಲಿಲ್ಲ. ಮುದ್ದೆ ಕೋಲೂ ಇರಲಿಲ್ಲ.

ನಾನು ತೋಟಕ್ಕೆ ಓಡಿದೆ. ಅತ್ತೆ ಕುಕ್ಕರಗಾಲಲ್ಲಿ ಕೂತು ಒಲೆಗೆ ಕೆಮ್ಮಣ್ಣು ಮೆತ್ತುತ್ತಿದ್ದಳು. ಮುಖದಲ್ಲಿ ಬೆವರು, ಮೊಣಕೈವರೆಗೆ ಮಣ್ಣು.

"ಬಾ ಮಂಜಿ, ಕುಂತ್ಕ. ನಮ್ಮನೆಗೆ ಬಂದೀಯ, ಉಂಡ್ಕಂಡು ಹೋಗು."

"ಮನೆ ಎಲ್ಲೈತೆ ಅತ್ತೆ?"

"ಒಲೆ ಐತಲ್ಲ. ಮಿಕ್ಕಿದ್ದು ಗಂಡಸರ ಕೆಲ್ಸ."

ಆಗ ನನ್ನ ಕಣ್ಣು ಒಲೆಯ ಮೇಲೆ ಸರಿಯಾಗಿ ಬಿತ್ತು. ಮೂರು ಗುಂಡುಗಳಲ್ಲಿ ಎರಡು ಹಳ್ಳದಿಂದ ಹೊತ್ತು ತಂದ ಉರುಟು ಕಲ್ಲುಗಳು. ಮೂರನೆಯದು ಚೌಕದ ಬಾಂದು ಕಲ್ಲು. ಅದರ ಎತ್ತರಕ್ಕೆ ಸರಿಯಾಗಿ ಉಳಿದೆರಡನ್ನು ಮಣ್ಣು ಕೊಟ್ಟು ಏರಿಸಿದ್ದಳು. ಮಡಕೆ ಇಟ್ಟರೆ ಒಂದಿಷ್ಟೂ ಅಲುಗುತ್ತಿರಲಿಲ್ಲ. ನನಗೆ ಭಯವೂ ಆಯಿತು, ನಗುವೂ ಬಂತು.

ಸುದ್ದಿ ತಿಳಿದು ದೊಡ್ಡಪ್ಪ ಪಡುವಣದಿಂದ ಬಂದ, ಅಪ್ಪ ಮೂಡಣದಿಂದ ಬಂದ. ಇಬ್ಬರೂ ತಮ್ಮ ತಮ್ಮ ನೆಲದಲ್ಲೇ ನಿಂತರು. ಅಷ್ಟು ಹೊತ್ತಿಗೆ ಅತ್ತೆ ಒಲೆಗೆ ಕಡ್ಡಿ ಗೀರಿ, ಒಣಮಟ್ಟೆ ಹಚ್ಚಿ, ಎಸರಿಟ್ಟಾಗಿತ್ತು.

"ಏನಕ್ಕ ಇದು?" ಎಂದ ದೊಡ್ಡಪ್ಪ.

"ಕಣ್ಣು ಕಾಣಲ್ವೇನೋ ರುದ್ರ? ಒಲೆ."

"ಅದು ಬಾಂದು ಕಲ್ಲು ಕಣಕ್ಕ! ಹಿರೀಕರು ನೆಟ್ಟಿರೋದು!"

"ನಾನೇನು ಕಿತ್ತೀನಾ? ಅವ್ರು ನೆಟ್ಟಲ್ಲೇ ಐತೆ. ನಂಗೆ ಎಲ್ಡೇ ಗುಂಡು ಹುಡುಕೋದಾತು."

ಅಪ್ಪ, "ಊರೋರು ನಗ್ತಾರೆ ಅಕ್ಕ," ಎಂದ. ಅವಳು ಅವನ ಕಡೆ ತಿರುಗಲಿಲ್ಲ. ಮಟ್ಟೆ ಮುಂದೂಡುತ್ತಾ, "ಹಚ್ಚಿದ್ದಾತು. ಹೊತ್ತು ಮುಳುಗಾಕೆ ಇನ್ನೂ ಟೈಮೈತೆ. ಹೋಗ್ರಿ, ನಿಮ್ಮ ಕೆಲ್ಸ ನೋಡ್ಕಳ್ರಿ," ಎಂದಳು.

ಇಬ್ಬರೂ ಬಂದ ದಾರಿಯಲ್ಲೇ ಹಿಂದಿರುಗಿದರು.

ಆ ಮಧ್ಯಾಹ್ನ ನಾನು ಎರಡು ಮನೆ, ಒಂದು ತೋಟದ ನಡುವೆ ಓಡಾಡಿ ಚಪ್ಪಲಿ ಸವೆಸಿದೆ. ಅಪ್ಪ ಜಗುಲಿಯ ಮೇಲೆ ಕೂತಿದ್ದ. "ಕವೆಗಂಬ, ತೊಲೆ ಎಲ್ಲ ಅವನ ಅಟ್ಟದಾಗವೆ. ನಾನೇನು ಗಾಳಿ ಮೇಲೆ ಗರಿ ಹೊದಿಸ್ಲಾ? ಅವ್ನು ದೊಡ್ಡೋನು, ಮೊದ್ಲು ಕೈ ಹಾಕ್ಲಿ," ಎಂದ. ದೊಡ್ಡಪ್ಪ ಬಸ್ ಸ್ಟಾಪಿನ ಟೀ ಅಂಗಡಿಗೆ ಹೋಗಿ ಕೂತಿದ್ದ. "ಗರಿ ಅವನ ಹಿತ್ಲಾಗವೆ. ಬರೀ ಕಂಬ ನಿಲ್ಸಿದ್ರೆ ಸೂರಾಗುತ್ತಾ? ಒಲೆ ಅವನ ಕಡೆಗೇ ವಾಲೈತೆ, ಅವ್ನೇ ಹಾಕ್ಲಿ," ಎಂದ. ಅತ್ತೆಯನ್ನು ಪಾಳಿ ಹಾಕಿ ಹಂಚಿಕೊಂಡವರು ಈಗ ಅವಳ ಒಲೆ ಯಾರ ಕಡೆ ವಾಲಿದೆ ಎಂದು ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ಆಕೆನ ಆರಾರು ತಿಂಗ್ಳು ಹಂಚ್ಕಳಾಕೆ ಇಬ್ರೂ ತಲೆ ಆಡಿಸಿದ್ರಲ್ಲ, ಒಂದು ತೊಲೆ ಎತ್ತಾಕೆ ಆಗಲ್ವಾ?" ಎಂದು ಅಪ್ಪನ ಮೇಲೆ ರೇಗಿದೆ.

"ದುರ್ಗಕ್ಕೆ ಕಳ್ಸಿದ್ದು ಸೂಜಿ ಹಾಕೋದು ಕಲೀಲಿ ಅಂತ, ನನಗೆ ಚುಚ್ಚಲಿ ಅಂತಲ್ಲ," ಎಂದ ಅಪ್ಪ. ಆದರೆ ಜಗುಲಿಯಿಂದ ಏಳಲಿಲ್ಲ.

ನಾನು ಮತ್ತೆ ತೋಟಕ್ಕೆ ಹೋದಾಗ ಬಿಸಿಲು ಇಳಿಯುತ್ತಿತ್ತು, ಗಾಳಿ ಎದ್ದಿತ್ತು. ಅತ್ತೆ ಸಾರು ಇಳಿಸಿ, ಮುದ್ದೆ ಕಟ್ಟಿ, ಎರಡರ ಮೇಲೂ ತಟ್ಟೆ ಮುಚ್ಚಿ, ಕಿಡಿ ಹಾರದಂತೆ ಗಾಳಿ ಬರುವ ಕಡೆಗೆ ಬೆನ್ನು ಮಾಡಿ ಕೂತಿದ್ದಳು. ಪಕ್ಕದಲ್ಲಿ ಒಂದು ಕೊಡ ನೀರಿತ್ತು. ಅದು ಯಾಕೆಂದು ನಾನು ಕೇಳಲಿಲ್ಲ. ಸೂರು ಬೀಳದಿದ್ದರೆ ಅವಳೇ ಆರಿಸಬೇಕಲ್ಲ.

"ಬರ್ತಾರೆ ಬಿಡು ಅತ್ತೆ," ಎಂದೆ.

"ಬರದಿದ್ರೆ ಬ್ಯಾಡ. ಆದ್ರೆ ನಾನು ಕೇಳಾಕೆ ಹೋಗಲ್ಲ ಮಂಜಿ. ಇಷ್ಟು ವರ್ಷ ಕೇಳ್ಕಂಡೇ ಉಂಡೀನಿ," ಎಂದಳು. ದನಿ ಸಣ್ಣದಾಗಿತ್ತು. ಅವಳು ಹೆದರಿದ್ದಳು. ನಾನು ಎದ್ದು ಮತ್ತೆ ಊರ ಕಡೆ ಓಡಿದೆ.

ಕೊನೆಗೆ ದಾರಿ ಮಾಡಿಕೊಟ್ಟವಳು ಯಾರೂ ನೆನೆಸಿರದ ದೊಡ್ಡಮ್ಮ. ನಾನು ಮೂರನೇ ಸಲವೋ ನಾಲ್ಕನೇ ಸಲವೋ ದೊಡ್ಡಪ್ಪನ ಮನೆಯ ಬಾಗಿಲಿಗೆ ಹೋದಾಗ ಅಟ್ಟದ ಮೇಲಿಂದ ದಡಾರೆಂದು ಕವೆಗಂಬವೊಂದು ಅಂಗಳಕ್ಕೆ ಬಿತ್ತು. ಹಿಂದೆಯೇ ಇನ್ನೊಂದು. ಆಮೇಲೆ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯ ತುಂಬ ಜೇಡರ ಬಲೆ ಹೊತ್ತು ಏಣಿಯಿಂದ ಇಳಿದಳು.

"ಇಪ್ಪತ್ತು ವರ್ಷ ನನ್ನ ಒಲೆ ಮುಂದೆ ಕುಂತು ಉಪ್ಪು ಜಾಸ್ತಿ ಅಂದೋಳು. ಆಕೆಗೂ ಒಂದು ಒಲೆ ಇದ್ರೆ ನನ್ನ ಒಲೆ ತಣ್ಣಗಿರ್ತೈತೆ. ಹಿಡಿಯೇ ಆ ತುದಿ!" ಎಂದಳು. ನಾನು ಹಿಡಿದೆ. ಗೋಡೆಯಾಚೆಯಿಂದ ಅವ್ವನೂ ಗರಿಯ ಹೊರೆ ಹೊತ್ತು ಬಂದಳು. ಅವಳು ಗಂಡನ ಮಾತು ಮೀರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾವು ಮೂವರು ಹೆಂಗಸರು ಕಂಬ, ತೊಲೆ, ಗರಿ ಹೊತ್ತು ಊರ ನಡುಬೀದಿಯಲ್ಲಿ ಹೊರಟೆವು. ಬೇಕಂತಲೇ ದೊಡ್ಡಮ್ಮ ಬಸ್ ಸ್ಟಾಪಿನ ದಾರಿ ಹಿಡಿದಳು. ಟೀ ಅಂಗಡಿಯ ಬೆಂಚಿನ ಮೇಲಿದ್ದವರೆಲ್ಲ ಲೋಟ ಕೆಳಗಿಟ್ಟರು. ಒಬ್ಬರು, "ಏನಪ್ಪ ರುದ್ರಣ್ಣ, ಈ ಸಲ ಸೂರು ಹೆಣ್ಮಕ್ಳೇ ಹಾಕ್ತಾರಾ?" ಎಂದರು. ದೊಡ್ಡಮ್ಮ ನಿಂತು, "ಹೂಂ ಕಣ್ರಣ್ಣ. ನಮ್ಮನೆ ಗಂಡಸರಿಗೆ ಬಿಡುವಿಲ್ಲ, ಟೀ ಕುಡಿಯೋದೈತೆ," ಎಂದು ಮುಂದೆ ನಡೆದಳು. ದೊಡ್ಡಪ್ಪ ಟೀ ಅರ್ಧಕ್ಕೆ ಬಿಟ್ಟು ಓಡಿ ಬಂದು ಅವಳ ಹೆಗಲಿನ ತೊಲೆ ಕಿತ್ತುಕೊಂಡ. ನಾವು ತೋಟ ಮುಟ್ಟುವ ಹೊತ್ತಿಗೆ ಅಪ್ಪನೂ ಹಾರೆ ಹಿಡಿದು ಬಂದಿದ್ದ. ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಬೀದಿಗೆ ಬಾಯಿ ಸಾವಿರ.

ಕವೆಗಂಬಗಳು ಎರಡು. ಕಲ್ಲು ನಡುವೆ ಇದ್ದದ್ದರಿಂದ ಒಂದು ಕಂಬದ ಗುಂಡಿ ಪಡುವಣ ನೆಲಕ್ಕೆ ಬಂತು, ಇನ್ನೊಂದು ಮೂಡಣ ನೆಲಕ್ಕೆ. ಅವರವರ ಗುಂಡಿ ಅವರವರು ತೋಡಿದರು, ಅವರವರ ಕಂಬ ಅವರವರು ನಿಲ್ಲಿಸಿದರು. ಅಲ್ಲಿಯವರೆಗೆ ಮಾತಿಲ್ಲದೆ ನಡೆಯಿತು. ನಡುತೊಲೆ ಮಾತ್ರ ಒಬ್ಬನಿಂದ ಏಳುವುದಲ್ಲ. ಇಬ್ಬರೂ ಒಂದೊಂದು ತುದಿ ಹಿಡಿದು ನಿಂತರು. ಸೂರ್ಯ ಆಗಲೇ ತೆಂಗಿನ ಬುಡಕ್ಕೆ ಇಳಿದಿದ್ದ.

"ಎತ್ತು," ಎಂದ ದೊಡ್ಡಪ್ಪ. ಮೂರು ತಿಂಗಳಲ್ಲಿ ತಮ್ಮನಿಗೆ ಆಡಿದ ಮೊದಲ ಮಾತು.

"ಎತ್ತೀನಿ. ನಿನ್ನ ಕಡೆ ಇಳೀತೈತೆ."

"ಇಳಿದಿಲ್ಲ. ನಿನ್ನ ಕಂಬಾನೇ ಗಿಡ್ಡ."

"ಗುಂಡಿ ಆಳ ತೋಡೀನಿ, ನಿನ್ನಂಗೆ ಮೇಲ್ಮೇಲೆ ಕೆರೆದಿಲ್ಲ."

"ಲೇ, ಜಗಳ ಆಮೇಲೆ ಆಡ್ರಿ, ಹೊತ್ತು ಹೋಗ್ತೈತೆ!" ಎಂದು ಅತ್ತೆ ಕೂಗಿದಳು. ತೊಲೆ ಕವೆಯೊಳಗೆ ಕೂತಿತು. ಎಲ್ಲರೂ ಸೇರಿ ಗರಿ ಹೊದಿಸಿದೆವು. ಪೂರ್ತಿ ಹೊದಿಸಲು ಆಗಲಿಲ್ಲ. ಒಲೆಯ ಮೇಲಿನಷ್ಟು ಭಾಗ ಮುಚ್ಚುವಷ್ಟರಲ್ಲಿ ಸೂರ್ಯ ಮುಳುಗಿದ. ಸಿದ್ದವ್ವನ ಕಟ್ಟಳೆಗೆ ಅಷ್ಟು ಸಾಕೆಂದು ದೊಡ್ಡಮ್ಮ ತೀರ್ಪು ಕೊಟ್ಟಳು. ಪಡುವಣದಲ್ಲಿ ಗೆರೆಯಂಥ ಚಂದ್ರ ಕಂಡ. ಎಲ್ಲರೂ ಕೈ ಮುಗಿದೆವು. ಚಂದ್ರನನ್ನು ನೋಡಿದ ಮೇಲೆ ಹಿರಿಯರ ಕಾಲು ಮುಟ್ಟಬೇಕಲ್ಲ, ಅಪ್ಪ ಮತ್ತು ದೊಡ್ಡಪ್ಪ ಇಬ್ಬರೂ ಬಂದು ಅಕ್ಕನ ಮಣ್ಣು ಮೆತ್ತಿದ ಕಾಲು ಮುಟ್ಟಿದರು. ಅವಳು ಕೊಡದ ನೀರಿನಲ್ಲಿ ಅವರ ಕೈ ತೊಳೆಸಿ ಮುದ್ದೆ ಬಡಿಸಿದಳು. ಮುದ್ದೆ ಆರಿ ಕಲ್ಲಾಗಿತ್ತು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ದೊಡ್ಡಮ್ಮ ಒಂದು ಮಾತೂ ಆಡದೆ ಉಂಡಳು.

ಅಣ್ಣತಮ್ಮಂದಿರು ಅಂದೇ ಒಂದಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮಾರನೇ ದಿನವೇ ಮತ್ತೆ ಮಾತು ನಿಂತಿತು. ಆ ಬೇಸಿಗೆಯಲ್ಲಿ ನಿಂತದ್ದು ಒಂದೇ ಗುಡ್ಲು. ಆದರೆ ಎರಡು ಮನೆಯವರೂ ಬಿಸಿಲೇರಿದರೆ ಅಲ್ಲಿಗೇ ಬರುತ್ತಿದ್ದರು. ಅಪ್ಪ ಬಂದರೆ ದೊಡ್ಡಪ್ಪ ಎದ್ದು ಹೋಗುತ್ತಿದ್ದ, ದೊಡ್ಡಪ್ಪ ಬಂದರೆ ಅಪ್ಪ ಕಾಯಿ ನೋಡಲು ಹೋಗುತ್ತಿದ್ದ. ಅತ್ತೆ ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಸಾರು ಬಡಿಸುತ್ತಿದ್ದಳು.

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಕೆಸರು ಎನ್ನುತ್ತಾರೆ. ಆ ವರ್ಷ ಹಾಗೇ ಬಂತು. ತಡಿಕೆಯ ಸಂದಿಯಿಂದ ನೀರು ಒಳಗೆ ಬರತೊಡಗಿತು. ಗುಡ್ಲು ಬಿಚ್ಚುವ ಕಾಲ. ಪಾಳಿಯಂತೆ ಕರೆದೊಯ್ಯಲು ದೊಡ್ಡಪ್ಪ ಕೊಡೆ ಹಿಡಿದು ಬಂದ. ಅತ್ತೆ, "ಹಾಲ್ನೋನು ಇನ್ನೂ ಬಂದಿಲ್ಲ, ನಾಳೆ ಶಾಂತಿ ಮಾಡ್ತೀನಿ," ಎಂದಳು. ಮಾರನೇ ದಿನ ಹಾಲು ಒಡೆಯಿತು ಎಂದಳು. ಅದರ ಮಾರನೇ ದಿನ ಅಪ್ಪನೂ ಬಂದ. ರಜೆ ಮುಗಿಸಿ ದುರ್ಗಕ್ಕೆ ಹೊರಡುವ ಮೊದಲು ನಾನೂ ಹೇಳಿ ಹೋಗಲು ಬಂದಿದ್ದೆ. ಅತ್ತೆ ರಾತ್ರಿಯ ಕೆಂಡದ ಮೇಲಿನ ಬೂದಿ ಸರಿಸಿ, ಮಟ್ಟೆ ಇಟ್ಟು ಊದುತ್ತಿದ್ದಳು. ಹೊಗೆ ಎದ್ದು ಎಲ್ಲರ ಕಣ್ಣಿಗೂ ತುಂಬಿತು.

"ನಾನು ಒಲೆ ಆರ್ಸಲ್ಲ," ಎಂದಳು. "ಆರ್ಸದೆ ಸೂರು ಬಿಚ್ಚಂಗಿಲ್ಲ. ಕಟ್ಟಳೆ ನಿಮಗೂ ಗೊತ್ತೈತೆ."

"ಮಳೆಗಾಲ್ದಾಗೆ ಇಲ್ಲಿ ಹೆಂಗಿರ್ತೀಯ ಅಕ್ಕ? ನಮಗೇನು ಕಮ್ಮಿ ಆಗೈತೆ ಅಂತ?" ಎಂದ ದೊಡ್ಡಪ್ಪ. ಅವನ ದನಿಯಲ್ಲಿ ನಿಜವಾದ ನೋವಿತ್ತು.

"ನಿಮಗೇನೂ ಕಮ್ಮಿ ಇಲ್ಲಪ್ಪ. ಹಂಡೆ ಕೊಪ್ಪರಿಗೆ ಹಂಚ್ಕಂಡಂಗೆ ನನ್ನೂ ಹಂಚ್ಕಂಡ್ರಿ. ಟೀ ಕೊಡ್ತಾ ಅಲ್ಲೇ ನಿಂತಿದ್ದೆ. ಒಬ್ರಾದ್ರೂ ನನ್ನ ಮುಖ ನೋಡಿ, ನಿಂಗೆಲ್ಲಿರಾಕೆ ಇಷ್ಟ ಅಂತ ಕೇಳಿದ್ರಾ? ನಂಗೆ ಇಲ್ಲಿರಾಕೆ ಇಷ್ಟ."

ಮಳೆ ಸುರಿಯುತ್ತಿತ್ತು. ಅವಳು ಕೇಳಿದ್ದು ನನ್ನನ್ನೂ ಸೇರಿಸಿ, ಆ ದಿನ ಪಡಸಾಲೆಯಲ್ಲಿ ನಾನೂ ಇದ್ದೆ. ಅಪ್ಪ ಎದ್ದು ಹೋಗಿ, ನೀರು ಒಳಗೆ ಬರದಂತೆ ಮೂಡಣ ಕಡೆ ಬದು ಕಟ್ಟತೊಡಗಿದ. ಅವನನ್ನು ನೋಡಿ ದೊಡ್ಡಪ್ಪ ಪಡುವಣ ಕಡೆ ಹಿಡಿದ.

ಹೀಗೆ ಎರಡು ತಿಂಗಳಿಗೆಂದು ಹಾಕಿದ ಗುಡ್ಲು ನಿಂತೇ ಬಿಟ್ಟಿತು. ತಡಿಕೆಯ ಜಾಗಕ್ಕೆ ಮಣ್ಣಿನ ಗೋಡೆ ಬಂತು. ಪ್ರತಿ ಯುಗಾದಿಗೆ ಹೊಸ ಗರಿ ಹೊದಿಸುವುದು ಮಾತ್ರ ತಪ್ಪಲಿಲ್ಲ. ಸೂರಿನ ಪಡುವಣ ಅರ್ಧ ದೊಡ್ಡಪ್ಪನದು, ಮೂಡಣ ಅರ್ಧ ಅಪ್ಪನದು. ಯಾರ ಕಡೆ ಸೋರಿತು ಎಂಬುದು ಮಳೆಗಾಲವಿಡೀ ಎರಡು ಮನೆಯ ಚರ್ಚೆ. ಅತ್ತೆಗೆ ಈ ಪೈಪೋಟಿ ತಿಳಿದಿತ್ತು. ಅಪ್ಪ ಬಂದಾಗ, "ರುದ್ರನ ಕಡೆ ಒಂದು ಹನಿ ಇಲ್ಲ ನೋಡು," ಎನ್ನುತ್ತಿದ್ದಳು. ದೊಡ್ಡಪ್ಪ ಬಂದಾಗ ಅದನ್ನೇ ತಿರುಗಿಸಿ ಹೇಳುತ್ತಿದ್ದಳು. ಅವಳ ಸೂರು ಒಂದು ವರ್ಷವೂ ಸೋರಲಿಲ್ಲ. ಪಡಸಾಲೆಯ ತುಕ್ಕು ಟ್ರಂಕು ಗುಡ್ಲು ಸೇರಿ, ಅದರ ಮೇಲೆ ಬರುವವರೆಲ್ಲ ಕೂರುವಂತಾಯಿತು. ನಾನು ಮದುವೆಯಾಗಿ, ಕೆಲಸ ಸಿಕ್ಕಿ ಹೊಳಲ್ಕೆರೆಗೆ ಬಂದ ಮೇಲೂ ತವರಿಗೆ ಹೋದರೆ ಮೊದಲ ಊಟ ಅವಳಲ್ಲೇ.

ಎರಡು ಸಾವಿರದ ಎಂಟರ ಮಾಗಿಯಲ್ಲಿ ಅವಳಿಗೆ ಎದೆಯಲ್ಲಿ ಕಫ ಕಟ್ಟಿತು. ನಮ್ಮ ಆಸ್ಪತ್ರೆಗೇ ಕರೆತಂದೆವು. ಮಾತ್ರೆ ಕೊಡಲು ಹೋದರೆ, "ಒಲೆ?" ಎಂದು ಕೇಳುತ್ತಿದ್ದಳು. "ಒಂದಿನ ಅವ್ವ, ಒಂದಿನ ದೊಡ್ಡಮ್ಮ ಹೋಗಿ ಹಚ್ಚಿ ಬರ್ತಾರೆ," ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು. "ಹಂಗಾದ್ರೆ ಸರಿ," ಎಂದು ಮಾತ್ರೆ ನುಂಗುತ್ತಿದ್ದಳು. ಒಂದು ಬೆಳಗಿನ ಜಾವ ನನ್ನ ಡ್ಯೂಟಿಯಲ್ಲೇ ಹೋದಳು. ಅಷ್ಟು ಸಾವು ನೋಡಿದವಳು ನಾನು, ಆ ದಿನ ಡ್ರಿಪ್ ಕಳಚಲು ಕೈ ಬರಲಿಲ್ಲ, ಬೇರೆ ಸಿಸ್ಟರ್ ಬಂದು ಕಳಚಿದರು. ತೋಟದಲ್ಲಿ, ಗುಡ್ಲಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಮಣ್ಣು ಮಾಡಿದೆವು.

ಆಮೇಲೆ ತೊಡಕು ಬಂತು. ಹಚ್ಚಿದವಳೇ ಆರಿಸಬೇಕು, ಅವಳಿಲ್ಲ. ಮುತ್ತಜ್ಜಿ ಸಿದ್ದವ್ವ ಇದಕ್ಕೆ ಏನೂ ಹೇಳಿ ಹೋಗಿರಲಿಲ್ಲ. ಅವ್ವ ಮತ್ತು ದೊಡ್ಡಮ್ಮ ಏನೂ ತೀರ್ಮಾನಿಸದೆ ಪಾಳಿಯಲ್ಲಿ ಒಲೆ ಹಚ್ಚುತ್ತಾ ಹೋದರು. ನಡುವೆ ಒಂದು ದಿನವೂ ಆರಿಲ್ಲವೆಂದು ನಾನು ಆಣೆ ಮಾಡಲಾರೆ. ದೊಡ್ಡಮ್ಮನನ್ನು ಕೇಳಿದರೆ, "ಆರಿದ್ರೂ ನಿಂಗೆ ಯಾಕೆ ಹೇಳ್ಲಿ?" ಎನ್ನುತ್ತಾಳೆ.

ಅತ್ತೆಯ ವರ್ಷದ ಕಾರ್ಯಕ್ಕೆ ಹೋಗಿದ್ದಾಗ ಸರ್ವೆಯವರು ಬಂದರು. ಪಾಲಾದ ಜಮೀನಿಗೆ ಬೇರೆ ಬೇರೆ ನಂಬರು ಆಗಬೇಕಿತ್ತು. ಹುಡುಗ ವಯಸ್ಸಿನ ಸರ್ವೆಯರು ತೋಟವೆಲ್ಲ ಸುತ್ತಿ, ಬೆವರು ಒರೆಸಿಕೊಳ್ಳುತ್ತಾ ಗುಡ್ಲಿನ ಮುಂದೆ ಬಂದು ನಿಂತರು.

"ನಡುವೆ ಒಂದು ಬಾಂದು ಕಲ್ಲು ನೆಟ್ಟಿದೆ ಅಂತ ಊರಲ್ಲಿ ಹೇಳಿದ್ರು. ಎಲ್ಲೂ ಕಾಣ್ತಿಲ್ಲ. ಎಲ್ಲಿದೆ ಯಜಮಾನ್ರೇ?"

ಅಪ್ಪ ಗುಡ್ಲಿನ ಮೂಡಣ ಕಡೆ ನಿಂತಿದ್ದ, ದೊಡ್ಡಪ್ಪ ಪಡುವಣ ಕಡೆ. ಒಳಗೆ ಒಲೆ ಉರಿಯುತ್ತಿತ್ತು. ಹತ್ತು ವರ್ಷದ ಮಸಿ ಹಿಡಿದು, ಮಣ್ಣು ಮೆತ್ತಿಸಿಕೊಂಡು, ಆ ಕಲ್ಲಿಗೂ ಉಳಿದೆರಡಕ್ಕೂ ಈಗ ಗುರುತು ಹತ್ತುತ್ತಿರಲಿಲ್ಲ. ತೋರಿಸಿದರೆ ಅಗೆದು ನೋಡುತ್ತಾರೆ, ಒಲೆ ಒಡೆಯುತ್ತದೆ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು.

"ಕಲ್ಲಾ? ನಂಗೇನೂ ಗೊತ್ತಿಲ್ಲಪ್ಪ," ಎಂದ ಅಪ್ಪ.

"ಆವಾಗ್ಲೇ ಯಾರೋ ಕಿತ್ಕಂಡು ಹೋದ್ರು," ಎಂದ ದೊಡ್ಡಪ್ಪ, ಕಣ್ಣು ಮಿಟುಕಿಸದೆ.

"ಹೋಗ್ಲಿ, ಈ ಗುಡಿಸಲು ಯಾರದು? ಇಬ್ಬರಲ್ಲಿ ಯಾರ ಪಾಲಿಗೆ ಹಾಕ್ಲಿ?"

ಒಲೆಯಿಂದ ಹೊಗೆ ಹೊರಗೆ ಬರುತ್ತಿತ್ತು. ಅಪ್ಪ ಅಣ್ಣನ ಕಡೆ ತಿರುಗಿದ. ದೊಡ್ಡಪ್ಪನೇ ಹೇಳಿದ:

"ನಮ್ಮಿಬ್ರದೂ ಅಲ್ಲ ಸ್ವಾಮಿ. ಇದು ನಮ್ಮಕ್ಕನ ಮನೆ."